ಪಾತ್ರಧಾರಣೆಯ ಆಟಗಳಲ್ಲಿ ಕಾಲ ಮತ್ತು ಕಾಳಗ

೧

ಚದುರಂಗದ ಮಣೆಯ ಮುಂದೆ ಕುಳಿತವನಿಗೆ ಯೋಚಿಸಲು ಅವಕಾಶವುಂಟು. ಎದುರಾಳಿ ತನ್ನ ಕಾಯನ್ನು ನಡೆಸಿದ ಮೇಲೆ ಮಣೆಯ ಮೇಲಿನ ಲೋಕವೆಲ್ಲ ನಿಶ್ಚಲವಾಗಿ ನಿಂತು ಇವನ ನಿರ್ಧಾರವನ್ನು ಕಾಯುತ್ತದೆ. ಚೆಂಡಾಟದ ಬಯಲಿನಲ್ಲಿ ನಿಂತವನಿಗೆ ಆ ಸೌಕರ್ಯವಿಲ್ಲ. ಅವನು ಯೋಚಿಸುತ್ತಿರುವಾಗಲೂ ಚೆಂಡು ಬರುತ್ತಲೇ ಇರುತ್ತದೆ. ವಿಡಿಯೊ ಗೇಮ್‌ಗಳಲ್ಲಿ ಪಾತ್ರಧಾರಣೆಯ ಆಟಗಳೆಂಬ ಒಂದು ವರ್ಗವುಂಟು. ಅದು ಹುಟ್ಟಿದ್ದು ಚದುರಂಗದ ಮನೆತನದಲ್ಲಿ. ಬೆಳೆದಂತೆಲ್ಲ ಚೆಂಡಾಟದ ಕಡೆಗೆ ವಾಲಿತು. ಈ ಮಾರ್ಪಾಡಿನಿಂದ ಆಟದ ಆಸ್ವಾದದಲ್ಲಿ ಉಂಟಾದ ವ್ಯತ್ಯಾಸವೇನು, ಅದರಿಂದ ಲಾಭವೇನು, ನಷ್ಟವೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಇದು ವಿದ್ವತ್ಸಂಚಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವರು ಶಂಕಿಸಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಈ ಆಟಗಳ ಮುಂದೆ ಬಹಳ ಹೊತ್ತನ್ನು ಕಳೆಯುವುದನ್ನು ನಾವು ಬಲ್ಲೆವು. ಅಲ್ಲಿ ದೊರೆಯುವ ಸಂತೋಷ ಎಂಥದೆಂದು ಅವರನ್ನು ಕೇಳಿದರೆ ‘ಚೆನ್ನಾಗಿದೆ’ ಎಂಬುದರಾಚೆಗೆ ಉತ್ತರ ಬರುವುದು ಕಡಮೆ. ಹಿರಿಯರನ್ನು ಕೇಳಿದರೆ ‘ಅದು ಬರಿಯ ಬೆರಳಿನ ಚಳಕ’ ಎಂಬ ತೀರ್ಪು ಸಿದ್ಧವಾಗಿರುತ್ತದೆ. ಎರಡೂ ವಿಚಾರಕ್ಕೆ ಸಾಲವು. ಬರಿಯ ಚಳಕವೇ ಆಗಿದ್ದರೆ ಅದಕ್ಕೆ ಪಾತ್ರವೂ ಕಥೆಯೂ ಬೇಕಾಗಿರಲಿಲ್ಲ. ಬೇರೆ ಏನೋ ಒಂದು ಅಲ್ಲಿದ್ದರೆ ಅದನ್ನು ಹೆಸರಿಸಿ ಹೇಳುವ ಹೊಣೆ ಕಲಾವಿಚಾರ ಮಾಡುವವರ ಮೇಲಿದೆ.

ಮೊದಲು ಪರಿಭಾಷೆಯನ್ನು ನಿಶ್ಚಯಿಸಿಕೊಳ್ಳೋಣ. ಆಟಗಾರನು ಯೋಧ, ಮಾಂತ್ರಿಕ, ಕಳ್ಳ ಮೊದಲಾದ ಒಂದು ಪಾತ್ರವನ್ನು ವಹಿಸಿಕೊಂಡು ಆಡುವ ಆಟವೇ ಪಾತ್ರಧಾರಣೆಯ ಆಟ. ಪಾತ್ರದ ಬಲ, ಚುರುಕು, ತಾಳಿಕೆ ಮುಂತಾದ ಗುಣಗಳನ್ನು ಅಲ್ಲಿ ಅಂಕಿಗಳಿಂದ ಗುರುತಿಸಿರುತ್ತಾರೆ. ಅನುಭವ ಹೆಚ್ಚಿದಂತೆ ಈ ಅಂಕಿಗಳೂ ಹೆಚ್ಚುತ್ತವೆ. ಒಬ್ಬರಾದ ಮೇಲೆ ಒಬ್ಬರು ಏಟು ಹಾಕುತ್ತ, ನಡುವೆ ಕಾಲವು ನಿಂತಿರುವ ಕಾಳಗವನ್ನು ‘ಸರದಿಯ ಕಾಳಗ’ವೆಂದೂ, ಆಟಗಾರನು ಕೈ ಆಡಿಸಿದರೂ ಆಡಿಸದಿದ್ದರೂ ಕಾಲವು ಹರಿಯುತ್ತಲೇ ಇರುವ ಕಾಳಗವನ್ನು ‘ನೈಜಕಾಲದ ಕಾಳಗ’ವೆಂದೂ ಇಲ್ಲಿ ಕರೆಯುತ್ತೇವೆ.

೨

ಈ ಆಟಗಳ ಮೂಲ ಕಂಪ್ಯೂಟರಿನಲ್ಲಿಲ್ಲ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ೧೯೭೪ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಮೇಜಿನ ಸುತ್ತ ಕುಳಿತು ಕಾಗದ, ಪೆನ್ಸಿಲು, ದಾಳಗಳಿಂದ ಆಡುವ ಆಟ. ಪುಟ್ಟ ಬೊಂಬೆಗಳನ್ನಿಟ್ಟು ಆಡುತ್ತಿದ್ದ ಯುದ್ಧದಾಟಗಳಿಂದ ಅದು ಕವಲೊಡೆಯಿತು. ಕತ್ತಿಯ ಏಟು ತಗುಲಿತೇ ಇಲ್ಲವೇ ಎಂಬುದನ್ನು ಅಲ್ಲಿ ಇಪ್ಪತ್ತು ಮುಖಗಳ ದಾಳವು ತೀರ್ಮಾನಿಸುತ್ತದೆ. ಮೇಜಿನ ಸುತ್ತ ಕುಳಿತ ಐದಾರು ಜನ ಏಕಕಾಲದಲ್ಲಿ ಮಾತಾಡಲಾರರಾದ್ದರಿಂದ ಸರದಿಯು ಆ ಆಟಕ್ಕೆ ಸಹಜವಾದ ಕ್ರಮ. ೧೯೮೧ರಲ್ಲಿ ಬಂದ ‘ವಿಝರ್ಡ್ರಿ’, ‘ಅಲ್ಟಿಮಾ’ಗಳೂ, ಜಪಾನಿನಲ್ಲಿ ೧೯೮೬ರಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬುದೂ ಈ ಕ್ರಮವನ್ನು ಪಿತ್ರಾರ್ಜಿತವಾಗಿ ಪಡೆದವು. ಆದರೆ ಯಂತ್ರಕ್ಕೆ ಸರದಿಯ ಅಗತ್ಯವಿರಲಿಲ್ಲ. ೧೯೮೭ರ ‘ಡಂಜನ್ ಮಾಸ್ಟರ್’ ಎಂಬ ಆಟದಲ್ಲಿ ಆಟಗಾರನು ತನ್ನ ಗಂಟನ್ನು ಬಿಚ್ಚಿ ಹುಡುಕುತ್ತಿರುವಾಗಲೇ ರಾಕ್ಷಸರು ಮೇಲೆ ಬೀಳುತ್ತಿದ್ದರು.

ಆ ಬಳಿಕ ಕಾಲವು ಈ ಆಟಗಳೊಳಕ್ಕೆ ಮೂರು ಮುಖ್ಯ ದಾರಿಗಳಲ್ಲಿ ಪ್ರವೇಶಿಸಿತೆಂದು ಹೇಳಬಹುದು.

ಮೊದಲನೆಯದು ಜಪಾನಿನ ದಾರಿ. ೧೯೯೧ರ ‘ಫೈನಲ್ ಫ್ಯಾಂಟಸಿ ೪’ ಎಂಬ ಆಟಕ್ಕೆ ಹಿರೊಯುಕಿ ಇಟೊ ಎಂಬ ವಿನ್ಯಾಸಕಾರನು ಒಂದು ಹೊಸ ಕ್ರಮವನ್ನು ಕಲ್ಪಿಸಿದನು. ಫಾರ್ಮುಲಾ ಒನ್ ಮೋಟಾರು ಪಂದ್ಯವನ್ನು ನೋಡುತ್ತಿದ್ದಾಗ ಬೇರೆ ಬೇರೆ ವೇಗದ ಕಾರುಗಳು ಒಂದನ್ನೊಂದು ದಾಟಿ ಹೋಗುವುದರಿಂದ ಅವನಿಗೆ ಇದು ಹೊಳೆಯಿತಂತೆ. ಪ್ರತಿಯೊಬ್ಬ ಪಾತ್ರಧಾರಿಯ ಸರದಿಯೂ ಅವನವನ ಚುರುಕಿಗೆ ತಕ್ಕಂತೆ ಬೇಗನೆಯೋ ತಡವಾಗಿಯೋ ತುಂಬಿ ಬರುತ್ತದೆ. ಆಟಗಾರನು ಆಲೋಚಿಸುತ್ತ ಕುಳಿತರೆ ಶತ್ರುವಿನ ಸರದಿಯೂ ತುಂಬುತ್ತದೆ. ಹೀಗೆ ತುಂಬುವುದನ್ನು ತೆರೆಯ ಮೇಲೆ ಒಂದು ಪಟ್ಟಿಯ ರೂಪದಲ್ಲಿ ಕಣ್ಣಿಗೆ ತೋರಿಸಿದ್ದು ೧೯೯೨ರಲ್ಲಿ ಬಂದ ಐದನೆಯ ಆಟ. ಸರದಿಯು ಇಲ್ಲಿ ಅಳಿಯಲಿಲ್ಲ, ಹರಿಯಲಾರಂಭಿಸಿತು.

ಎರಡನೆಯದು ‘ಡಯಾಬ್ಲೊ’ ಎಂಬ ಆಟದ ದಾರಿ. ೧೯೯೬ರ ಕೊನೆಗೆ ಸಿದ್ಧವಾದ ಈ ಆಟವನ್ನು ಅದರ ಮುಖ್ಯ ಕರ್ತನಾದ ಡೇವಿಡ್ ಬ್ರೆವಿಕ್ ಮೊದಲು ಸರದಿಯ ಆಟವಾಗಿಯೇ ಯೋಜಿಸಿದ್ದನು. ನೈಜಕಾಲಕ್ಕೆ ಬದಲಿಸಬೇಕೆಂದು ಇತರರು ಒತ್ತಾಯಿಸಿದಾಗ ಅವನು ವಿರೋಧಿಸಿದನು. ಕಡೆಗೆ ಬಹುಮತಕ್ಕೆ ಮಣಿದು, ಬಹಳ ಕಾಲ ಹಿಡಿದೀತೆಂದು ಎಣಿಸಿದ್ದ ಆ ಬದಲಾವಣೆಯನ್ನು ಕೆಲವೇ ಗಂಟೆಗಳಲ್ಲಿ ಮಾಡಿ ಮುಗಿಸಿದನು. ಮೌಸಿನಿಂದ ಒಂದು ಅಸ್ಥಿಪಂಜರದ ಮೇಲೆ ಒತ್ತಿದೊಡನೆ ಯೋಧನು ನಡೆದುಹೋಗಿ ಅದನ್ನು ಹೊಡೆದು ಕೆಡಹಿದ ಆ ಕ್ಷಣವನ್ನು ಅವನು ೨೦೧೬ರಲ್ಲಿ ಆಟನಿರ್ಮಾಪಕರ ಸಮ್ಮೇಳನವೊಂದರಲ್ಲಿ ಸಂತೋಷದಿಂದ ನೆನೆದಿದ್ದಾನೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆ ಆಟದ ಒಳಲೆಕ್ಕವು ಸೆಕೆಂಡಿಗೆ ೨೦ ಬಾರಿ ನಡೆಯುತ್ತದೆ. ಅಂದರೆ ಸರದಿಗಳು ಮಾಯವಾಗಿಲ್ಲ; ಕಣ್ಣಿಗೆ ಕಾಣದಷ್ಟು ಸಣ್ಣವಾಗಿ, ಆಟಗಾರನಿಗಾಗಿ ಕಾಯುವುದನ್ನು ಬಿಟ್ಟಿವೆ. ದಾಳವೂ ಒಳಗೆ ಉರುಳುತ್ತಲೇ ಇದೆ.

ಮೂರನೆಯದು ಸಂಧಾನದ ದಾರಿ. ೧೯೯೨ರ ‘ಡಾರ್ಕ್‌ಲ್ಯಾಂಡ್ಸ್’ ಎಂಬ ಆಟದಲ್ಲಿ ಕಾಣಿಸಿಕೊಂಡು ೧೯೯೮ರ ‘ಬಾಲ್ಡರ್ಸ್ ಗೇಟ್’ನಿಂದ ಪ್ರಸಿದ್ಧವಾದ ಈ ಕ್ರಮದಲ್ಲಿ ಕಾಲವು ಹರಿಯುತ್ತದೆ; ಆದರೆ ಆಟಗಾರನು ಕೀಲಿಮಣೆಯ ಉದ್ದನೆಯ ಗುಂಡಿಯನ್ನು ಒತ್ತಿ ಅದನ್ನು ನಿಲ್ಲಿಸಬಲ್ಲನು. ನಿಂತ ಕಾಲದಲ್ಲಿ ಆರು ಮಂದಿ ಸಂಗಡಿಗರಿಗೂ ಆಜ್ಞೆಯಿತ್ತು ಮತ್ತೆ ಹರಿಯಬಿಡುತ್ತಾನೆ. ಮೇಜಿನ ಆಟದ ಅಂದಿನ ನಿಯಮಾವಳಿಯಲ್ಲಿ ಒಂದು ನಿಮಿಷದ್ದೆಂದು ಭಾವಿಸಿದ್ದ ಕಾಳಗದ ಒಂದು ಸುತ್ತನ್ನು ಇಲ್ಲಿ ಆರು ಸೆಕೆಂಡಿಗೆ ಇಳಿಸಿದ್ದಾರೆ. ಮಾಂತ್ರಿಕನು ಬೆಂಕಿಯುಂಡೆಯ ಮಂತ್ರವನ್ನು ಜಪಿಸಲಾರಂಭಿಸಿ ಮುಗಿಸುವ ನಡುವೆ ಏಟು ಬಿದ್ದರೆ ಮಂತ್ರ ಕೆಡುತ್ತದೆ. ಮುಗಿಸುವಷ್ಟರಲ್ಲಿ ನಮ್ಮವರೇ ಆ ಜಾಗಕ್ಕೆ ಓಡಿಹೋಗಿದ್ದರೆ ಅವರೂ ಬೇಯುತ್ತಾರೆ. ನಿಂತ ಚಿತ್ರದಲ್ಲಿ ಸರಿಯೆಂದು ತೋರಿದ ಯೋಜನೆ ಹರಿಯುವ ಕಾಲದಲ್ಲಿ ತಪ್ಪಾಗಬಹುದೆಂಬುದೇ ಇಲ್ಲಿಯ ಸ್ವಾರಸ್ಯ.

೩

ಈ ಮೂರು ದಾರಿಗಳಿಗೂ ಸಮಾನವಾದ ಒಂದು ತತ್ತ್ವವುಂಟು. ನನ್ನ ಅಭಿಪ್ರಾಯದಲ್ಲಿ ಈ ಕಾಳಗದ ಆಸ್ವಾದಕ್ಕೆ ಅದೇ ಕೀಲು. ಸರದಿಯ ಆಟದಲ್ಲಿ ಪಾತ್ರದ ಗುಣವು ಅಂಕಿಯಾಗಿ ತೋರುತ್ತದೆ. ನೈಜಕಾಲದ ಆಟದಲ್ಲಿ ಅದೇ ಗುಣವು ಕಾಲವಾಗಿ ಅನುಭವಕ್ಕೆ ಬರುತ್ತದೆ. ‘ಇವನ ಚುರುಕು ೧೨’ ಎಂಬುದು ಓದಿ ತಿಳಿಯುವ ಸಂಗತಿ. ಇವನ ಪಟ್ಟಿ ತುಂಬುವವರೆಗೆ ಉಸಿರು ಬಿಗಿಹಿಡಿದು ಕಾಯುವುದು ಮೈಯಿಂದ ಅರಿಯುವ ಸಂಗತಿ.

೨೦೧೧ರಲ್ಲಿ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯಿಂದ, ಹಿದೆತಾಕ ಮಿಯಾಝಾಕಿಯ ನಿರ್ದೇಶನದಲ್ಲಿ ಬಂದ ‘ಡಾರ್ಕ್ ಸೋಲ್ಸ್’ ಎಂಬ ಆಟದಲ್ಲಿ ಈ ತತ್ತ್ವವನ್ನು ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ಯೋಧನ ದಮ್ಮನ್ನು ಸೂಚಿಸುವ ಹಸಿರು ಪಟ್ಟಿಯೊಂದಿದೆ. ಕತ್ತಿ ಬೀಸಿದರೂ, ಉರುಳಿ ತಪ್ಪಿಸಿಕೊಂಡರೂ, ಗುರಾಣಿಯ ಮೇಲೆ ಏಟು ತಾಳಿದರೂ ಅದು ಇಳಿಯುತ್ತದೆ. ಸುಮ್ಮನಿದ್ದರೆ ಮತ್ತೆ ಏರುತ್ತದೆ. ಆದರೆ ಗುರಾಣಿಯನ್ನು ಎತ್ತಿಹಿಡಿದೇ ಇದ್ದರೆ ನಿಧಾನವಾಗಿ ಏರುತ್ತದೆ. ಹೀಗಾಗಿ ಅಂಜಿ ಅಡಗಿಕೊಂಡವನಿಗೂ, ಆತುರದಿಂದ ಬೀಸಿದವನಿಗೂ ದಮ್ಮು ಸಾಲದು. ತಾಳಿಕೆಯೆಂಬ ಗುಣದ ಅಂಕಿಯನ್ನು ಹೆಚ್ಚಿಸಿಕೊಂಡರೆ ಪಟ್ಟಿ ಉದ್ದವಾಗುತ್ತದೆ. ಅಂದರೆ ಇನ್ನೊಂದು ಏಟಿಗೆ ಅವಕಾಶ ದೊರೆಯುತ್ತದೆ. ತೊಟ್ಟ ಕವಚದ ಮತ್ತು ಹಿಡಿದ ಆಯುಧದ ತೂಕವು ಹೊರಬಲ್ಲ ಭಾರದ ಕಾಲುಭಾಗವನ್ನು ಮೀರದಿದ್ದರೆ ಯೋಧನು ಚುರುಕಾಗಿ ಉರುಳುತ್ತಾನೆ. ಅರ್ಧವನ್ನು ಮೀರಿದರೆ ಮೂಟೆ ಬಿದ್ದಂತೆ ಬಿದ್ದು ತಡವಾಗಿ ಏಳುತ್ತಾನೆ. ಕಿರುಗತ್ತಿಯ ಏಟು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಹೆಗ್ಗತ್ತಿಯನ್ನು ಎತ್ತಿ ಇಳಿಸುವ ಹೊತ್ತಿನಲ್ಲಿ ಶತ್ರುವು ಎರಡು ಏಟು ಹಾಕಿಯಾನು. ಅದು ತಗುಲಿದಲ್ಲಿ ಮಾತ್ರ ಅವನು ತತ್ತರಿಸುತ್ತಾನೆ. ಯಾವ ಕವಚ, ಯಾವ ಕತ್ತಿ ಎಂದು ಆರಿಸಿಕೊಳ್ಳುವವನು ನಿಜವಾಗಿ ಆರಿಸಿಕೊಳ್ಳುವುದು ತಾನು ಯಾವ ಲಯದಲ್ಲಿ ಬದುಕಬೇಕೆಂಬುದನ್ನು.

ಈ ತತ್ತ್ವ ಕೆಟ್ಟಲ್ಲಿ ಏನಾಗುತ್ತದೆಂಬುದಕ್ಕೆ ೨೦೦೨ರ ‘ಮಾರೋವಿಂಡ್’ ಎಂಬ ಆಟ ನಿದರ್ಶನ. ಕಥಾಲೋಕದ ವೈಶಾಲ್ಯದಿಂದ ಅದು ಮೆಚ್ಚುಗೆ ಪಡೆದ ಆಟ. ಕಾಳಗ ಮಾತ್ರ ಎರಡು ಮನಸ್ಸಿನದು. ಆಟಗಾರನು ಸ್ವತಃ ಕತ್ತಿ ಬೀಸುತ್ತಾನೆ. ಅದು ಎದುರಿಗಿರುವ ಪ್ರಾಣಿಯ ಮೈಯನ್ನು ಮುಟ್ಟಿದ್ದು ಕಣ್ಣಿಗೆ ಕಾಣುತ್ತದೆ. ಆದರೂ ಒಳಗೆ ಉರುಳಿದ ದಾಳವು ‘ತಗುಲಲಿಲ್ಲ’ ಎನ್ನುತ್ತದೆ, ಏಕೆಂದರೆ ಪಾತ್ರಕ್ಕೆ ಆ ಆಯುಧದಲ್ಲಿ ಇನ್ನೂ ಪರಿಣತಿ ಬಂದಿಲ್ಲ. ಮೇಜಿನ ಮುಂದೆ ಇದೇ ತೀರ್ಪನ್ನು ಆಕ್ಷೇಪವಿಲ್ಲದೆ ಒಪ್ಪುತ್ತೇವೆ. ಅಲ್ಲಿ ಏಟು ನಮಗೆ ಕಂಡಿರುವುದಿಲ್ಲ. ಇಲ್ಲಿ ಕಣ್ಣು ಹೇಳಿದ್ದನ್ನು ಅಂಕಿ ಅಲ್ಲಗಳೆಯುತ್ತದೆ. ೨೦೦೬ರಲ್ಲಿ ಬಂದ ಅದರ ಮುಂದಿನ ಆಟವಾದ ‘ಒಬ್ಲಿವಿಯನ್’ನಲ್ಲಿ ಮುಟ್ಟಿದ ಕತ್ತಿ ತಗುಲಿಯೇ ತೀರುವಂತೆ ಮಾಡಿ, ಪರಿಣತಿಯಿಂದ ಗಾಯದ ಪ್ರಮಾಣವನ್ನು ಮಾತ್ರ ನಿರ್ಣಯಿಸಿದರು.

೪

ಇನ್ನು ‘ಬೆರಳಿನ ಚಳಕ’ ಎಂಬ ತೀರ್ಪನ್ನು ಪರೀಕ್ಷಿಸೋಣ. ಕಣ್ಣಿಗೆ ಒಂದು ಸಂಕೇತ ಕಂಡ ಮೇಲೆ ಮನುಷ್ಯನು ಬೆರಳನ್ನು ಒತ್ತಲು ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನಷ್ಟು ಕಾಲ ಬೇಕು. ಸಂಕೇತ ಒಂದೇ ಇದ್ದು, ಉತ್ತರವೂ ಒಂದೇ ಇದ್ದಾಗಿನ ಮಾತು ಇದು. ಆಯ್ಕೆಗಳು ಹೆಚ್ಚಿದಂತೆ ಈ ಕಾಲವೂ ಹೆಚ್ಚುತ್ತದೆಂಬುದನ್ನು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಹಿಕ್ ೧೯೫೨ರಲ್ಲಿ ಪ್ರಯೋಗಗಳಿಂದ ತೋರಿಸಿದನು. ಎಡಕ್ಕೆ ಉರುಳಬೇಕೋ, ಬಲಕ್ಕೆ ಉರುಳಬೇಕೋ, ಗುರಾಣಿ ಎತ್ತಬೇಕೋ, ಹಿಂದೆ ಸರಿಯಬೇಕೋ ಎಂದು ಏಟು ಬಂದ ಮೇಲೆ ಯೋಚಿಸುವವನು ಗೆಲ್ಲುವುದು ಕಷ್ಟ. ಗೆಲ್ಲುವವನು ಏಟಿಗೆ ಮುಂಚೆಯೇ ಆಯ್ಕೆಗಳನ್ನು ಒಂದೆರಡಕ್ಕೆ ಇಳಿಸಿಕೊಂಡಿರುತ್ತಾನೆ. ಅವನು ಶತ್ರುವಿನ ಭುಜವನ್ನು, ಕಾಲಿನ ಊರನ್ನು, ಆಯುಧ ಏರುವ ಬಗೆಯನ್ನು ಓದುತ್ತಾನೆ. ಆದ್ದರಿಂದ ಇಲ್ಲಿ ಪ್ರಧಾನವಾದದ್ದು ಕೈಯ ವೇಗಕ್ಕಿಂತ ಕಣ್ಣಿನ ಓದು.

ನಮ್ಮ ಸಂಗೀತ ಬಲ್ಲವರಿಗೆ ಇದು ಹೊಸದಲ್ಲ. ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ಎತ್ತಿಕೊಳ್ಳದೆ ತುಸು ತಡೆದು ಎತ್ತಿಕೊಳ್ಳುವ ಅನಾಗತ ಗ್ರಹವನ್ನು ಹೊಸ ಕೇಳುಗನು ತಪ್ಪಿಸಿಕೊಳ್ಳುತ್ತಾನೆ. ಲಯವನ್ನು ಒಳಗೇ ಹಿಡಿದವನು ಆ ತಡೆಯನ್ನೇ ಸವಿಯುತ್ತಾನೆ. ೨೦೨೨ರ ‘ಎಲ್ಡೆನ್ ರಿಂಗ್’ ಎಂಬ ಆಟದ ಆರಂಭದ ದೊಡ್ಡ ಶತ್ರುವಾದ ಮಾರ್ಗಿಟ್ ಎಂಬವನು ದೊಣ್ಣೆಯನ್ನು ಎತ್ತಿ, ಬೀಳಬೇಕಾದ ಹೊತ್ತಿಗೆ ಬೀಳಿಸದೆ, ಒಂದು ಕ್ಷಣ ಎತ್ತಿಹಿಡಿದು ಬಳಿಕ ಇಳಿಸುತ್ತಾನೆ. ಗಾಬರಿಯಿಂದ ಮೊದಲೇ ಉರುಳಿದವನು ಎದ್ದು ನಿಲ್ಲುವಾಗ ಏಟು ಅವನಿಗಾಗಿ ಸಿದ್ಧವಾಗಿರುತ್ತದೆ. ಈ ಶತ್ರುವನ್ನು ಗೆಲ್ಲಲು ಬೇಕಾದದ್ದು ಬೇಗ ಒತ್ತುವುದಲ್ಲ, ಒತ್ತದೆ ತಾಳುವುದು.

ತಪ್ಪಿಗೆ ದಂಡವೂ ಕಾಲದಲ್ಲೇ ತೆರಬೇಕಾಗುತ್ತದೆ. ‘ಡಾರ್ಕ್ ಸೋಲ್ಸ್’ ಆಟದಲ್ಲಿ ಗಾಯ ಮಾಯಲು ಯೋಧನು ಒಂದು ಬುದ್ದಲಿಯಿಂದ ಪಾನಮಾಡಬೇಕು. ಅದನ್ನು ಎತ್ತಿ ಕುಡಿದು ಮುಗಿಸುವವರೆಗೆ ಅವನು ಬೇರೇನನ್ನೂ ಮಾಡಲಾರ. ಪ್ರಾಣ ಕಡಮೆಯಾದಷ್ಟೂ ಕುಡಿಯುವ ತವಕ ಹೆಚ್ಚು. ತವಕಪಟ್ಟು ಶತ್ರುವಿನ ಎದುರಿಗೇ ಕುಡಿಯಲು ನಿಂತರೆ ಅದೇ ಕಡೆಯ ಗುಟುಕು. ಈ ಸಾಲುಗಳನ್ನು ಬರೆಯುತ್ತಿರುವವನು ಆ ಗುಟುಕನ್ನು ಎಷ್ಟು ಸಲ ಕುಡಿದಿದ್ದಾನೆಂಬುದನ್ನು ಲೆಕ್ಕವಿಟ್ಟಿಲ್ಲ. ಆದರೆ ಪ್ರತಿಸಲವೂ ತಪ್ಪು ಯಂತ್ರದ್ದಲ್ಲ, ತನ್ನದೇ ಎಂದು ತೋರಿದ್ದುಂಟು. ಮತ್ತೆ ಆಡಬೇಕೆನಿಸುವುದಕ್ಕೆ ಆ ತೋರಿಕೆಯೇ ಕಾರಣ.

ಚದುರಂಗದವರು, ಬಂಡೆ ಹತ್ತುವವರು, ಶಸ್ತ್ರವೈದ್ಯರು ಮೊದಲಾದವರನ್ನು ವಿಚಾರಿಸಿ ಮನಶ್ಶಾಸ್ತ್ರಜ್ಞ ಚಿಕ್‌ಸೆಂಟ್‌ಮಿಹಾಯಿ ೧೯೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎದುರಿಗಿರುವ ಸವಾಲೂ ಇರುವ ಸಾಮರ್ಥ್ಯವೂ ಸರಿತೂಗಿದಾಗ ಮನಸ್ಸು ಕೆಲಸದಲ್ಲಿ ಲೀನವಾಗುತ್ತದೆಂದು ಪ್ರತಿಪಾದಿಸಿದ್ದಾನೆ. ಸವಾಲು ಮಿಕ್ಕರೆ ಆತಂಕ, ಸಾಮರ್ಥ್ಯ ಮಿಕ್ಕರೆ ಬೇಸರ. ಪಾತ್ರಧಾರಣೆಯ ಆಟದಲ್ಲಿ ಈ ತಕ್ಕಡಿಗೆ ಒಂದು ವಿಶೇಷವಿದೆ: ಸಾಮರ್ಥ್ಯವು ಎರಡು ಕಡೆಯಿಂದ ಬೆಳೆಯುತ್ತದೆ. ಪಾತ್ರದ ಅಂಕಿ ಏರುತ್ತದೆ, ಆಟಗಾರನ ಓದೂ ಬೆಳೆಯುತ್ತದೆ. ಗೆದ್ದವರು ಯಾರು ಎಂಬ ಪ್ರಶ್ನೆ ಆಗ ಸಹಜವಾಗಿಯೇ ಏಳುತ್ತದೆ.

೫

ಈ ಪ್ರಶ್ನೆಗೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಹಳೆಯ ನೆಂಟನೊಂದುಂಟು. ರಸವು ಎಲ್ಲಿದೆ ಎಂದು ಭರತನ ವ್ಯಾಖ್ಯಾನಕಾರರು ಚರ್ಚಿಸಿದರು. ಅದು ಮುಖ್ಯವಾಗಿ ಅನುಕಾರ್ಯನಾದ ರಾಮನಲ್ಲಿದೆ ಎಂದನು ಲೊಲ್ಲಟ. ಪ್ರೇಕ್ಷಕರು ಅದನ್ನು ನಟನಲ್ಲಿ ಅನುಮಾನಿಸುತ್ತಾರೆ ಎಂದನು ಶಂಕುಕ. ಸಹೃದಯನ ಆಸ್ವಾದವೇ ರಸವೆಂಬುದು ಅಭಿನವಗುಪ್ತನ ಸಿದ್ಧಾಂತ. ನಾಟಕಶಾಲೆಯಲ್ಲಿ ಅನುಕಾರ್ಯ, ನಟ, ಪ್ರೇಕ್ಷಕ ಎಂಬ ಮೂವರೂ ಬೇರೆ ಬೇರೆ. ಈ ಆಟಗಳಲ್ಲಾದರೋ ಒಬ್ಬನೇ ವ್ಯಕ್ತಿ ನಟನೂ ಪ್ರೇಕ್ಷಕನೂ ಆಗಿ, ಕತ್ತಿ ಹಿಡಿದ ಪಾತ್ರಕ್ಕೆ ಆತುಕೊಂಡಿದ್ದಾನೆ. ಸರದಿಯ ಕಾಳಗದಲ್ಲಿ ಆಟಗಾರನು ಹೆಚ್ಚಾಗಿ ಸೂತ್ರಧಾರ. ಮೇಲಿನಿಂದ ನೋಡಿ, ಆಜ್ಞಾಪಿಸಿ, ಫಲವನ್ನು ಕಾಯುತ್ತಾನೆ. ನೈಜಕಾಲದಲ್ಲಿ ಆ ಅಂತರ ಕುಗ್ಗುತ್ತದೆ. ಪಾತ್ರದ ದಮ್ಮು ಮುಗಿದಾಗ ಇವನ ಕೈಯೂ ತಡೆಯುತ್ತದೆ. ಪಾತ್ರದ ಕತ್ತಿ ಭಾರವಾದರೆ ಇವನ ಎಣಿಕೆಯೂ ನಿಧಾನವಾಗುತ್ತದೆ. ವೀರಕ್ಕೆ ಸ್ಥಾಯಿಯಾದ ಉತ್ಸಾಹವು ಇಲ್ಲಿ ಕಂಡು ಸವಿಯುವುದಷ್ಟೇ ಆಗದೆ, ಕಾಲಕ್ಕೆ ಸರಿಯಾಗಿ ನಡೆಸಿ ತೋರಿಸಬೇಕಾದದ್ದೂ ಆಗುತ್ತದೆ.

ಆದರೆ ಈ ಬೆಸುಗೆ ಎರಡು ಕಡೆಗಳಲ್ಲಿಯೂ ಬಿರಿಯಬಹುದು. ಅಂಕಿ ಮೇಲುಗೈಯಾದರೆ ಕೈಯ ಕೆಲಸ ಹುಸಿಯಾಗುತ್ತದೆ. ‘ಮಾರೋವಿಂಡ್’ನಲ್ಲಿ ಕಂಡದ್ದು ಅದು. ಕೈ ಮೇಲುಗೈಯಾದರೆ ಪಾತ್ರ ಹುಸಿಯಾಗುತ್ತದೆ. ಪಾತ್ರದ ಅಂಕಿಗಳನ್ನು ಒಂದಿಷ್ಟೂ ಹೆಚ್ಚಿಸದೆ, ಮೊದಲ ಹಂತದಲ್ಲೇ ನಿಲ್ಲಿಸಿ ‘ಡಾರ್ಕ್ ಸೋಲ್ಸ್’ ಆಟವನ್ನು ಮುಗಿಸಿದವರಿದ್ದಾರೆ. ಅದು ಮೆಚ್ಚತಕ್ಕ ಸಾಧನೆ ಹೌದು; ಆದರೆ ಅಲ್ಲಿ ಗೆದ್ದದ್ದು ಆಟಗಾರನೇ ಹೊರತು ಪಾತ್ರವಲ್ಲ.

೬

ಇಲ್ಲಿಂದಲೇ ಗಂಭೀರವಾದ ಆಕ್ಷೇಪವೊಂದು ಹೊರಡುತ್ತದೆ. ಪಾತ್ರಧಾರಣೆಯ ಮೂಲಸ್ವಾರಸ್ಯವೇನು? ನಾನಲ್ಲದವನು ನಾನಾಗುವುದು. ಮೇಜಿನ ಆಟದಲ್ಲಿ ಕುಂಟುವವನು ಓಟಗಾರನಾಗಬಲ್ಲನು. ದೃಷ್ಟಿ ಮಂದವಾದವನು ಬಿಲ್ಲಾಳಾಗಬಲ್ಲನು. ಎಪ್ಪತ್ತರ ಮುದುಕಿ ಇಪ್ಪತ್ತರ ಕತ್ತಿವರಸೆಯವಳಾಗಬಲ್ಲಳು. ದಾಳಕ್ಕೆ ಯಾರ ಕೈ ನಡುಗುತ್ತದೆಂಬುದು ಬೇಕಿಲ್ಲ. ನೈಜಕಾಲದ ಕಾಳಗವು ಈ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಪಾತ್ರದ ಚುರುಕಿಗೆ ಆಟಗಾರನ ಬೆರಳು ಜಾಮೀನಾಗಬೇಕಾಗುತ್ತದೆ. ಸಂಧಿವಾತದ ಬೆರಳುಳ್ಳವನು ಜಗದೇಕವೀರನಾಗುವುದು ಹೇಗೆ? ಓದು ಎಷ್ಟೇ ಸೂಕ್ಷ್ಮವಾಗಿದ್ದರೂ, ಓದಿದ್ದನ್ನು ಉಚ್ಚರಿಸಲು ಕೈ ಒದಗದಿದ್ದರೆ ಫಲವೇನು? ಇದನ್ನು ಕೇವಲ ಸೋತವರ ದೂರೆಂದು ತಳ್ಳಿಹಾಕುವುದು ನ್ಯಾಯವಲ್ಲ.

ನಿರ್ಮಾಪಕರೂ ಇದನ್ನು ಮನಗಂಡಿದ್ದಾರೆ. ೧೯೯೫ರ ‘ಕ್ರೋನೋ ಟ್ರಿಗರ್’ ಆಟದಲ್ಲಿಯೇ, ಆಜ್ಞೆಗಳ ಪಟ್ಟಿಯನ್ನು ತೆರೆದು ಹುಡುಕುವಾಗ ಕಾಲವು ಹರಿಯಬೇಕೋ ಕಾಯಬೇಕೋ ಎಂಬುದನ್ನು ಆಟಗಾರನೇ ನಿಶ್ಚಯಿಸಬಹುದಾಗಿತ್ತು. ೨೦೧೮ರಲ್ಲಿ ನೈಜಕಾಲದ ಆಟವಾಗಿ ಬಂದ ‘ಪಿಲ್ಲರ್ಸ್ ಆಫ್ ಎಟರ್ನಿಟಿ ೨’ ಎಂಬುದಕ್ಕೆ ೨೦೧೯ರಲ್ಲಿ ಸರದಿಯ ಕ್ರಮವನ್ನೂ ಸೇರಿಸಿದರು. ೨೦೨೦ರಲ್ಲಿ ಹೊಸದಾಗಿ ರಚಿತವಾದ ‘ಫೈನಲ್ ಫ್ಯಾಂಟಸಿ ೭’ರಲ್ಲಿ ಪಾತ್ರವು ತಾನಾಗಿಯೇ ಕಾದಾಡುತ್ತಿರುವಾಗ ಆಟಗಾರನು ಮುಖ್ಯವಾದ ಆಜ್ಞೆಗಳನ್ನು ಮಾತ್ರ ಕೊಡುವ ಏರ್ಪಾಡುಂಟು. ‘ಬಾಲ್ಡರ್ಸ್ ಗೇಟ್’ ಪರಂಪರೆಯ ಮೂರನೆಯ ಆಟವು ೨೦೨೩ರಲ್ಲಿ ಶುದ್ಧ ಸರದಿಗೆ ಮರಳಿ ಅಪಾರ ಜನಪ್ರಿಯತೆ ಗಳಿಸಿತು. ೨೦೨೫ರಲ್ಲಿ ಫ್ರಾನ್ಸಿನಿಂದ ಬಂದ ‘ಕ್ಲೇರ್ ಒಬ್‌ಸ್ಕ್ಯೂರ್’ ಎಂಬ ಆಟದಲ್ಲಿ ನಮ್ಮ ಏಟಿಗೆ ಸರದಿಯ ಬಿಡುವುಂಟು. ಶತ್ರುವಿನ ಏಟನ್ನು ತಪ್ಪಿಸಲು ಮಾತ್ರ ಕ್ಷಣಕ್ಕೆ ಸರಿಯಾಗಿ ಒತ್ತಬೇಕು. ಆದ್ದರಿಂದ ಸರದಿಯು ಹಳೆಯದು, ನೈಜಕಾಲವು ಅದರ ಸುಧಾರಣೆ ಎಂದು ಭಾವಿಸುವುದು ಸರಿಯಲ್ಲ. ಎರಡೂ ಛಂದಸ್ಸುಗಳಿದ್ದಂತೆ, ಒಂದರಲ್ಲಿ ಹೇಳಬಹುದಾದದ್ದನ್ನೆಲ್ಲ ಇನ್ನೊಂದರಲ್ಲಿ ಹೇಳಲಾಗದು.

ಈ ಪರಿಹಾರಗಳಲ್ಲೆಲ್ಲ ನಮ್ಮ ವಿಚಾರಕ್ಕೆ ಹೆಚ್ಚು ಪೋಷಕವಾದದ್ದು ೨೦೨೩ರ ‘ಫೈನಲ್ ಫ್ಯಾಂಟಸಿ ೧೬’ರಲ್ಲಿದೆ. ಅಲ್ಲಿ ಕಥಾನಾಯಕನಿಗೆ ತೊಡಿಸಬಹುದಾದ ಕೆಲವು ಉಂಗುರಗಳಿವೆ. ಅವುಗಳಲ್ಲಿ ಒಂದನ್ನು ತೊಡಿಸಿದರೆ ಶತ್ರುವಿನ ಏಟು ತಗುಲುವ ಮುನ್ನ ಕಾಲವು ತುಸು ನಿಧಾನವಾಗಿ, ತಪ್ಪಿಸಿಕೊಳ್ಳಲು ಆಟಗಾರನಿಗೆ ಅವಕಾಶ ಕೊಡುತ್ತದೆ. ಇನ್ನೊಂದನ್ನು ತೊಡಿಸಿದರೆ ಅವನು ತಾನಾಗಿಯೇ ತಪ್ಪಿಸಿಕೊಳ್ಳುತ್ತಾನೆ. ಇದನ್ನು ಆಟಗಾರನಿಗೆ ತೋರಿದ ದಯೆಯೆಂದು ಮಾತ್ರ ತಿಳಿಯಬೇಕಾಗಿಲ್ಲ. ಕತ್ತಿಯ ಭಾರವೂ ಕವಚದ ತೂಕವೂ ಪಾತ್ರದ ಕಾಲವನ್ನು ನಿರ್ಣಯಿಸಬಹುದಾದರೆ, ಉಂಗುರವೊಂದು ಅದನ್ನು ಹಿಗ್ಗಿಸಬಾರದೇಕೆ? ಮಂದಗತಿಯ ಕೈಗೆ ಬೇಕಾದ ಅವಕಾಶವು ಇಲ್ಲಿ ಹೊರಗಿನಿಂದ ಕೊಟ್ಟ ರಿಯಾಯಿತಿಯಾಗದೆ, ಪಾತ್ರವು ತೊಟ್ಟ ಒಡವೆಯಾಗಿ ಬಂದಿದೆ. ಮೊದಲನೆಯ ಉಂಗುರವನ್ನು ತೊಡಿಸಿದವನೂ ಶತ್ರುವಿನ ಭುಜವನ್ನು ಓದಲೇಬೇಕು, ಒತ್ತುವ ಕ್ಷಣವನ್ನು ತಾನೇ ಆರಿಸಲೇಬೇಕು. ನೈಜಕಾಲದ ಕಾಳಗದ ಸವಿಯು ಆ ಓದಿನಲ್ಲಿಯೂ ಆ ಆಯ್ಕೆಯಲ್ಲಿಯೂ ಇರುವುದಾದರೆ, ಉಂಗುರ ತೊಡಿಸಿದವನಿಗೆ ದೊರೆತ ಸವಿಯು ತೊಡಿಸದವನ ಸವಿಗಿಂತ ಕಡಮೆಯದೆಂದು ಹೇಳಲು ನಮಗೆ ಆಧಾರವಿಲ್ಲ.